ಗರಗಸ ಕೈಗೆ ಬರುವ ಮೊದಲು

ಮರ ಕಡಿಯುವುದು ಬೇರೆ, ಮರವನ್ನು ಉಳಿಸಿಕೊಂಡು ಸವರುವುದು ಬೇರೆ. ಟ್ರೀ ಸರ್ಜನ್, ಆರ್ಬರಿಸ್ಟ್ ಅಂತ ಕರೆಸಿಕೊಳ್ಳುವವರ ಕಸುಬು ಎರಡನೆಯದು. ಇದಕ್ಕೆ ಬರಬೇಕೆಂದು ನನ್ನನ್ನು ವಿಚಾರಿಸುವ ಹುಡುಗರ ಮೊದಲ ಪ್ರಶ್ನೆ ಹೆಚ್ಚಾಗಿ 'ಯಾವ ಚೈನ್ ಸಾ ತಗೊಳ್ಳಲಿ?' ಅನ್ನುವುದೇ. ಸದ್ಯಕ್ಕೆ ಯಾವುದೂ ಬೇಡ ಅನ್ನುತ್ತೇನೆ. ಒಂದು ಒಳ್ಳೆಯ ಕೈಗರಗಸ, ಗಂಟು ಹಾಕಿ ಬಿಚ್ಚಿ ಕಲಿಯಲು ಒಂದು ತುಂಡು ಹಗ್ಗ ಇದ್ದರೆ ಸಾಕು.

ನಾನು ಶುರು ಮಾಡಿದ್ದು ನೆಲದ ಮೇಲೆ. ಮೇಲೆ ಒಬ್ಬರು ಕೆಲಸ ಮಾಡುತ್ತಿದ್ದರೆ ಕೆಳಗೆ ನಿಂತು ಬಿದ್ದ ಕೊಂಬೆ ಎಳೆಯುವುದು, ಹಗ್ಗ ಸಿಕ್ಕಾಗದಂತೆ ನೋಡಿಕೊಳ್ಳುವುದು, ಕೇಳಿದ ಸಾಮಾನು ಕಟ್ಟಿ ಕಳಿಸುವುದು, ದಾರಿಹೋಕರನ್ನು ತಡೆಯುವುದು. ಬೇಸರದ ಕೆಲಸ ಅನ್ನಿಸುತ್ತದೆ, ಆದರೆ ಮೇಲಿನವರ ಪ್ರಾಣ ಅರ್ಧ ಕೆಳಗಿನವನ ಕೈಯಲ್ಲೇ ಇರುತ್ತದೆ. ಭಾರದ ಕೊಂಬೆಯನ್ನು ಹಗ್ಗ ಕಟ್ಟಿ ಇಳಿಸುವಾಗ ಅದನ್ನು ತೋಳ್ಬಲದಿಂದ ಹಿಡಿಯುವುದಿಲ್ಲ. ಕಾಂಡದ ಬುಡಕ್ಕೆ ಸುತ್ತು ಹಾಕಿ ಆ ತಿಕ್ಕಾಟದ ಮೇಲೆ ಹಿಡಿಯುತ್ತೇವೆ. ಬೀಳುತ್ತಿರುವ ಕೊಂಬೆಯನ್ನು ತಟ್ಟನೆ ನಿಲ್ಲಿಸಿದರೆ ಏಟೆಲ್ಲ ಮೇಲೆ ಹಗ್ಗ ಕಟ್ಟಿದ ಜಾಗಕ್ಕೆ ಹೋಗಿ ಮರವೇ ಅಲುಗಾಡುತ್ತದೆ, ಮೇಲೆ ಕೂತವರೂ ಜೊತೆಗೆ. ಒಂದಿಷ್ಟು ಜಾರಲು ಬಿಟ್ಟು ಮೆಲ್ಲಗೆ ನಿಲ್ಲಿಸಬೇಕು. ಎಷ್ಟು ಬಿಡಬೇಕು ಅನ್ನುವುದನ್ನು ಯಾವ ತರಗತಿಯಲ್ಲೂ ಕಲಿಸಲಾಗದು, ಅಂಗೈಗೇ ಗೊತ್ತಾಗಬೇಕು. (ಕೈಗವಸು ಹಾಕಿಕೊಂಡೇ!)

ಹತ್ತುವ ಮುಂಚೆ ಮರದ ಸುತ್ತ ಒಂದು ಸುತ್ತು ಬರುವ ಅಭ್ಯಾಸವೂ ಆಗಲೇ ಬಂತು. ಬುಡದಲ್ಲಿ ಅಣಬೆ ಎದ್ದಿದೆಯೇ? ಸುತ್ತಿಗೆಯಿಂದ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆಯೇ? ಇಕ್ಕಟ್ಟಾದ ಕವಲಿನಲ್ಲಿ ತೊಗಟೆ ಒಳಕ್ಕೆ ಮಡಚಿಕೊಂಡಿದ್ದರೆ ಅಲ್ಲಿ ಬೆಸುಗೆ ಗಟ್ಟಿಯಿರುವುದಿಲ್ಲ, ಗಾಳಿಗೆ ಸಿಗಿಯುವುದು ಅಲ್ಲೇ. ಒಣಕೊಂಬೆ, ಜೇನುಗೂಡು, ಎಲೆಗಳ ಮಧ್ಯೆ ಹಾದುಹೋದ ವಿದ್ಯುತ್ ತಂತಿ, ಇವನ್ನೆಲ್ಲ ನೆಲದಿಂದಲೇ ನೋಡಿಕೊಳ್ಳಬೇಕು. ತಂತಿ ಹತ್ತಿರವಿದ್ದರೆ ಅದಕ್ಕೆಂದೇ ತರಬೇತಾದವರಿಗೆ ಬಿಟ್ಟುಬಿಡುವುದು.

ಕೊಯ್ಯುವುದನ್ನು ಕಲಿತದ್ದು ಬಿದ್ದ ಕೊಂಬೆಗಳ ಮೇಲೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೀಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, 1970ರ ದಶಕದಲ್ಲಿ ಒಂದು ವಿಷಯ ವಿವರಿಸಿದರು: ನಮ್ಮ ಚರ್ಮದಂತೆ ಮರದ ಗಾಯ ಮಾಯುವುದಿಲ್ಲ. ಕೊಳೆತ ಹರಡದಂತೆ ಮರ ಸುತ್ತ ಗೋಡೆ ಕಟ್ಟಿಕೊಂಡು, ಮೇಲೆ ಹೊಸ ಕಟ್ಟಿಗೆ ಬೆಳೆಸುತ್ತದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಕೊರಳಪಟ್ಟಿಯಂಥ ಭಾಗವೇ ಆ ರಕ್ಷಣೆಯ ಜಾಗ. ಅದನ್ನು ಸೇರಿಸಿ ಕಾಂಡಕ್ಕೆ ಸಮವಾಗಿ ಕೊಯ್ದರೆ ಗೋಡೆಯೇ ಹೋದಂತೆ. ಉದ್ದ ಮೋಟು ಬಿಟ್ಟರೆ ಅದು ಸತ್ತು ಕೊಳೆಯುತ್ತದೆ. ಅದಕ್ಕೇ ಮೂರು ಕೊಯ್ತ. ಮೊದಲು ಸ್ವಲ್ಪ ಹೊರಗೆ ಕೆಳಗಿನಿಂದ ಒಂದು, ಅದರಿಂದಾಚೆ ಮೇಲಿನಿಂದ ಇನ್ನೊಂದು; ಆಗ ಭಾರ ಹೋಗುತ್ತದೆ, ತೊಗಟೆ ಕಾಂಡದವರೆಗೆ ಹರಿದುಬರುವುದಿಲ್ಲ. ಕೊನೆಯದು ಉಬ್ಬಿನ ಹೊರಗಡೆ. ಗಾಯಕ್ಕೆ ಡಾಂಬರು, ಬಣ್ಣ ಬಳಿಯುವುದರಿಂದ ಸಾಮಾನ್ಯವಾಗಿ ಲಾಭವಿಲ್ಲ. ತುದಿಯನ್ನೇ ಕತ್ತರಿಸಿ ಮರ ಬೋಳಿಸಿ ಅನ್ನುವವರಿಗೆ ನಾನು ಒಪ್ಪುವುದಿಲ್ಲ: ಅಲ್ಲಿ ಒತ್ತೊತ್ತಾಗಿ ಬರುವ ಚಿಗುರುಗಳಿಗೆ ಮರದೊಂದಿಗಿನ ಹಿಡಿತ ಸಡಿಲ, ಮುಂದೆ ಮುರಿಯುವುದು ಅವೇ.

ಹತ್ತುವುದನ್ನು ತಲೆಯೆತ್ತರಕ್ಕಿಂತ ಮೇಲೆ ಹೋಗದೆ ಬಹಳ ದಿನ ಅಭ್ಯಾಸ ಮಾಡಿದೆ. ಕೈಯಿಂದ ಸರಿಸಿದರೆ ಹಗ್ಗದ ಮೇಲೆ ಜಾರುವ, ಭಾರ ಬಿದ್ದರೆ ಬಿಗಿಯುವ ಪ್ರೂಸಿಕ್, ಬ್ಲೇಕ್ಸ್ ಹಿಚ್ ಗಂಟುಗಳು ಕಣ್ಣುಮುಚ್ಚಿದರೂ ಬರಬೇಕು. ಹಗ್ಗ ಹಾಕಿದ ಕವಲನ್ನು ಇಬ್ಬರು ಜೋತುಬಿದ್ದು ಪರೀಕ್ಷಿಸಿದ ಮೇಲೆಯೇ ಹತ್ತುವುದು. ಕೊಯ್ಯುವಾಗ ಸೊಂಟದಿಂದ ಮರವನ್ನು ಸುತ್ತುವ ಎರಡನೇ ಹಗ್ಗವನ್ನೂ ಬಿಗಿದಿರಬೇಕು, ಗರಗಸ ಒಂದು ಹಗ್ಗಕ್ಕೆ ತಾಗಿದರೂ ಇನ್ನೊಂದು ಇರುತ್ತದೆ. ಕಾಲಿಗೆ ಕಟ್ಟುವ ಮೊಳೆಗಳು ಉರುಳಿಸಲಿರುವ ಮರಕ್ಕೆ ಮಾತ್ರ, ಬದುಕಬೇಕಾದ ಮರಕ್ಕೆ ಒಂದೊಂದು ಹೆಜ್ಜೆಯೂ ಗಾಯ.

ಚೈನ್ ಸಾ ಕೊನೆಗೆ ಬಂತು, ಅದೂ ನೆಲದ ಮೇಲೆ: ಸರಪಳಿ ಅರ ಹಾಕುವುದು, ಬಿಗಿ ನೋಡುವುದು. ಬಾರ್‌ನ (ಸರಪಳಿ ಸುತ್ತುವ ಉದ್ದನೆಯ ಪಟ್ಟಿಯ) ತುದಿಯ ಮೇಲಿನ ಕಾಲುಭಾಗ ಏನಕ್ಕಾದರೂ ತಾಗಿದರೆ ಯಂತ್ರ ಮುಖದ ಕಡೆಗೆ ಚಿಮ್ಮುತ್ತದೆ, ಅದಕ್ಕೇ ಎರಡೂ ಕೈಯಲ್ಲಿ ಹಿಡಿಯಬೇಕು.

ಸರ್ಟಿಫಿಕೇಟ್ ಬೇಕಾದವರು ಐಎಸ್‌ಎ (ಆರ್ಬರಿಸ್ಟ್‌ಗಳ ಅಂತರರಾಷ್ಟ್ರೀಯ ಸಂಘ) ಪರೀಕ್ಷೆ ನೋಡಬಹುದು. ಆರ್ಬರಿಸ್ಟ್ ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ 3 ವರ್ಷದ ಪೂರ್ಣಾವಧಿ ಅನುಭವ ಕೇಳುತ್ತಾರೆ, ಸಂಬಂಧಪಟ್ಟ ಪದವಿಯಿದ್ದರೆ ಕಡಿಮೆ. ಅದು ಪ್ರಶ್ನೆಪತ್ರಿಕೆ; ಹತ್ತುವವರ ಪರೀಕ್ಷೆ ಬೇರೆ.

ಕೆಲಸ ಕೇಳಲು ಹೋದಾಗ ಸಂಬಳಕ್ಕೂ ಮೊದಲು ಒಂದು ಕೇಳಿ: ಮೇಲಿನವರು ಪ್ರಜ್ಞೆ ತಪ್ಪಿ ನೇತಾಡಿದರೆ ಇಳಿಸಿ ತರುವವರು ಯಾರು, ಅದನ್ನು ಕೊನೆಯ ಸಲ ಅಭ್ಯಾಸ ಮಾಡಿದ್ದು ಯಾವಾಗ? ಹಾರ್ನೆಸ್‌ನಲ್ಲಿ (ಸೊಂಟ, ತೊಡೆಗೆ ಕಟ್ಟುವ ಪಟ್ಟಿಗಳಲ್ಲಿ) ಅಲುಗಾಡದೆ ನೇತಾಡುವುದೇ ಅಪಾಯ. ಉತ್ತರ ತಡವರಿಸಿದರೆ ಬೇರೆ ತಂಡ ಹುಡುಕಿಕೊಳ್ಳಿ.