ಪೀರಿಯಡ್‌ನ ಮೊದಲ ಐದು ನಿಮಿಷ

ಹೈಸ್ಕೂಲ್ ಶಿಕ್ಷಕರಿಗೆ ಒಂದು ಸಲಹೆ. ಗಲಾಟೆ ಜಾಸ್ತಿ ಆಗುವುದು ಪೀರಿಯಡ್ ಶುರುವಾಗುವಾಗಲೇ, ಅಲ್ವಾ? ಒಳಗೆ ಹೋದ ತಕ್ಷಣ ಬೋರ್ಡಿನ ಎಡ ಮೂಲೆಯಲ್ಲಿ ಎರಡು ಪ್ರಶ್ನೆ ಬರೆಯಿರಿ. ಒಂದು ನಿನ್ನೆಯ ಪಾಠದ್ದು, ಇನ್ನೊಂದು ಕಳೆದ ವಾರದ್ದು. ಮಕ್ಕಳು ಪುಸ್ತಕ ತೆರೆಯದೆ ರಫ್ ನೋಟ್‌ಬುಕ್‌ನಲ್ಲಿ ಉತ್ತರ ಬರೆಯಲಿ. ಅಷ್ಟರಲ್ಲಿ ನೀವು ಹಾಜರಿ ಮುಗಿಸಬಹುದು. ಸುಮ್ನೆ ಮತ್ತೆ ಓದಿದ್ದಕ್ಕಿಂತ ನೆನಪು ಮಾಡಿಕೊಂಡು ಬರೆದದ್ದು ಚೆನ್ನಾಗಿ ತಲೆಯಲ್ಲಿ ಉಳಿಯುತ್ತದೆ. ಇದಕ್ಕೆ ಅಂಕ ಮಾತ್ರ ಕೊಡಬೇಡಿ. ಕೊಟ್ಟರೆ ಪಕ್ಕದವರದ್ದು ನೋಡಿ ಬರೆಯುವುದು ಶುರುವಾಗುತ್ತದೆ.

ದಿನವೂ ಅದೇ ಜಾಗ, ಅದೇ ಕ್ರಮ ಇರಲಿ. ಪರೀಕ್ಷೆ ಹತ್ತಿರ ಬಂತು, ಪೋರ್ಷನ್ ಮುಗಿದಿಲ್ಲ ಎಂದು ಬಿಡಬೇಡಿ. ಮೊದಮೊದಲು ನೆನಪಿಸಬೇಕಾಗುತ್ತದೆ, ಆಮೇಲೆ ನೀವು ಹೇಳುವ ಮೊದಲೇ ಪೆನ್ನು ಹಿಡಿದಿರುತ್ತಾರೆ. ಬಿಸಿಯೂಟದ ನಂತರದ ಪೀರಿಯಡ್‌ನಲ್ಲಿ ಎಲ್ಲರನ್ನೂ ಒಂದು ನಿಮಿಷ ಎಬ್ಬಿಸಿ ನಿಲ್ಲಿಸಿ, ಆಮೇಲೆ ಪ್ರಶ್ನೆ ಕೊಡಿ.