ಜಗತ್ತು ಕುಸಿದ ಮೇಲಿನ ಕಥೆಯಲ್ಲಿ ದೇವರನ್ನು ಬರೆಯುವುದು ಹೇಗೆ?

ನನ್ನ ಮೊದಲ ಕರಡಿನಲ್ಲಿ ಗಡ್ಡದವನೊಬ್ಬ ಬಂಡೆ ಮೇಲೆ ನಿಂತು ನಾಲ್ಕು ಪುಟ ಭಾಷಣ ಮಾಡುತ್ತಿದ್ದ. ಜಗತ್ತು ಮುಳುಗಿತು, ನನ್ನ ಹಿಂದೆ ಬನ್ನಿ ಅಂತ. ಓದಿದ ಗೆಳತಿ ಒಂದೇ ಮಾತು ಕೇಳಿದಳು: "ಇಷ್ಟು ಜನ ಸತ್ತಿದ್ದಾರಲ್ಲ, ಅವರನ್ನೆಲ್ಲ ಹೂಳಿದ್ದು ಯಾರು?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕೂ ಪುಟ ಕಿತ್ತುಹಾಕಿದೆ. ಗುಂಡಿ ತೋಡುವ ಇಬ್ಬರು ಹೆಂಗಸರಿಂದ ಕಥೆ ಮತ್ತೆ ಶುರುವಾಯಿತು.

ನೀವೂ ಅಲ್ಲಿಂದಲೇ ಶುರು ಮಾಡಿ. ಹೆಣ ತೊಳೆಯುವವರು ಯಾರು? ನೀರಿಗೇ ತತ್ವಾರ ಇರುವಾಗ ತೊಳೆಯುತ್ತಾರಾ? ಪ್ರಾರ್ಥನೆ ಪೂರ್ತಿ ನೆನಪಿರುವವರು ಉಳಿದಿದ್ದಾರಾ? ನನ್ನ ಕಥೆಯಲ್ಲಿ ಒಬ್ಬಳಿಗೆ ಮೊದಲ ಸಾಲು ಮಾತ್ರ ಗೊತ್ತು, ಇನ್ನೊಬ್ಬಳಿಗೆ ಬರೀ ರಾಗ. ಇಬ್ಬರೂ ಸೇರಿ ಗುನುಗುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಆ ಗುನುಗೇ ಊರಿನ ಪ್ರಾರ್ಥನೆ.

ಇತಿಹಾಸ ಓದಿ, ತುಂಬಾ ಸಿಗುತ್ತದೆ. ಕ್ರಿ.ಪೂ. 430ರಲ್ಲಿ ಗ್ರೀಸ್‌ನ ಅಥೆನ್ಸ್‌ಗೆ ಸಾಂಕ್ರಾಮಿಕ ಬಡಿಯಿತು. ಅಲ್ಲಿನ ಇತಿಹಾಸಕಾರ ಥುಸಿಡಿಡೀಸ್‌ಗೂ ಆ ರೋಗ ಬಂದಿತ್ತು, ಬದುಕಿ ಉಳಿದು ಬರೆದ. ಪ್ರಾರ್ಥಿಸಿ ಪ್ರಾರ್ಥಿಸಿ ಫಲ ಕಾಣದೆ ಜನ ಕೈಬಿಟ್ಟರಂತೆ. ಬೇರೆಯವರು ಒಟ್ಟಿದ್ದ ಚಿತೆಯ ಮೇಲೆ ತಮ್ಮವರ ಹೆಣ ಹಾಕಿ ಹೋಗುತ್ತಿದ್ದರಂತೆ. ನಂಬಿಕೆ ಮುರಿಯುವುದನ್ನು ತೋರಿಸಬೇಕಾ? ಆ ಚಿತೆ ಸಾಕು, ಭಾಷಣ ಬೇಡ.

ಹೊಸ ಧರ್ಮ ಕಟ್ಟಲು ನಾನು ಮಾಡುವ ಅಭ್ಯಾಸ ಇದು. ಒಂದೇ ನಿಯಮವನ್ನು ಮೂರು ತಲೆಮಾರಿನ ಬಾಯಲ್ಲಿ ಬರೆಯುತ್ತೇನೆ. ಅಜ್ಜಿ: "ಆ ಬಾವಿ ನೀರು ಕುಡಿಯಬೇಡ, ಕಾರ್ಖಾನೆಯ ವಿಷ ಸೇರಿದೆ." ಮಗಳು: "ಆ ಬಾವಿ ಒಳ್ಳೇದಲ್ಲ, ಕುಡಿದವರು ಸತ್ತರು." ಮೊಮ್ಮಗ: "ಆ ಬಾವಿಯಲ್ಲಿರುವವಳಿಗೆ ಕೋಪ ಬರುತ್ತೆ." ಕಾರಣ ಸವೆದು ಹೋಯಿತು, ನಿಯಮ ಉಳಿಯಿತು. ಮೊಮ್ಮಗನನ್ನು ಮಾತ್ರ ದಡ್ಡನನ್ನಾಗಿ ಮಾಡಬೇಡಿ. ಅವನ ಜೀವ ಉಳಿಸುತ್ತಿರುವುದು ಆ ನಂಬಿಕೆಯೇ ಅಲ್ವಾ?

"ನಮಗೇ ಯಾಕೆ ಹೀಗಾಯಿತು?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. 1755ರ ನವೆಂಬರ್ 1, ಸಂತರ ಹಬ್ಬದ ಬೆಳಿಗ್ಗೆ ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಭೂಮಿ ನಡುಗಿತು. ಚರ್ಚ್‌ಗಳಲ್ಲಿ ಜನ ತುಂಬಿದ್ದರು. ಹಚ್ಚಿಟ್ಟ ಮೇಣದಬತ್ತಿಗಳಿಂದಲೂ ಬೆಂಕಿ ಹಬ್ಬಿತು. ಪಾಪಕ್ಕೆ ಶಿಕ್ಷೆ ಎಂದರು ಕೆಲವರು. ಕರುಣೆಯ ದೇವರು ಹೀಗೆ ಮಾಡುತ್ತಾನಾ ಎಂದರು ಇನ್ನು ಕೆಲವರು. ನಿಮ್ಮ ಕಥೆಯಲ್ಲೂ ಈ ಜಗಳ ಇರಲಿ. ನಿಮಗೆ ಒಪ್ಪಿಗೆಯಾಗದ ಉತ್ತರವನ್ನು ಕಥೆಯ ಅತಿ ಒಳ್ಳೆಯ ಮನುಷ್ಯನಿಗೆ ಕೊಡಿ. ಇದು ಕಷ್ಟ. ನನಗೆ ಒಂದು ತಿಂಗಳು ಹಿಡಿಯಿತು.

ಪ್ರವಾದಿ ಬೇಕೇ ಬೇಕು ಅಂದರೆ, ಅವನ ಮಾತಿಗಿಂತ ಹಿಂಬಾಲಕರ ಹಸಿವನ್ನು ಜಾಸ್ತಿ ಬರೆಯಿರಿ. ಅವನು ಅವರಿಗೆ ಏನು ಕೊಡುತ್ತಾನೆ? ರೊಟ್ಟಿಯಾ, ಕಾವಲಾ, ಬೆಳಿಗ್ಗೆ ಎದ್ದು ಮಾಡಲು ಒಂದು ಕೆಲಸವಾ?

ಪವಾಡವನ್ನು ಬಿಡಿಸಿ ಹೇಳಬೇಡಿ. ನನ್ನ ಕಥೆಯಲ್ಲಿ ಪ್ರಾರ್ಥನೆಯ ರಾತ್ರಿ ಮಳೆ ಬರುತ್ತದೆ. ಎರಡು ದಿನ ಮೊದಲೇ ಗಾಳಿಯ ದಿಕ್ಕು ಬದಲಾಗಿತ್ತು ಅಂತ ಆಮೇಲೆ ಒಂದು ಸಾಲು ಸೇರಿಸಿದೆ. ಗುಂಡಿ ತೋಡಿದವರಲ್ಲಿ ಒಬ್ಬಳು ಅದನ್ನು ಗಮನಿಸಿದ್ದಳು, ಇನ್ನೊಬ್ಬಳು ಇಲ್ಲ. ಮಳೆ ಶುರುವಾದಾಗ ಇಬ್ಬರೂ ಪಾತ್ರೆ ಹೊರಗಿಟ್ಟರು.