ಶಾರ್ಲಟ್ ಸ್ಪೀಡ್‌ವೇಗೆ ಹೊರಟಿದ್ದೀರಾ? ಮಳೆಯ ಲೆಕ್ಕ ಮೊದಲು ತಿಳಿದುಕೊಳ್ಳಿ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಶಾರ್ಲಟ್, ರಾಲೀ, ಅಟ್ಲಾಂಟಾ ಕಡೆಯ ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೋಕಾ-ಕೋಲಾ 600 ಕಾರು ರೇಸಿನ ಮಾತು ಶುರುವಾಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಬಹುದಾ, ಊರಿಂದ ಬಂದಿರುವ ಅಪ್ಪ ಅಮ್ಮನಿಗೆ ಕೂರಲು ಆಗುತ್ತದಾ ಅಂತ. ಧಾರಾಳವಾಗಿ ಹೋಗಿ. ಟಿಕೆಟ್ ಬುಕ್ ಮಾಡುವುದು, ದಾರಿ ಹುಡುಕುವುದು ನಿಮಗೆ ಗೊತ್ತಿರುವುದೇ. ಹೊಸಬರು ವರ್ಷ ವರ್ಷವೂ ಮುಗ್ಗರಿಸುವುದು ಮಳೆಯ ವಿಷಯದಲ್ಲಿ. ಅದಕ್ಕೆ ಬರುವ ಮೊದಲು ಜಾಗದ ಪರಿಚಯ ಸ್ವಲ್ಪ ಇರಲಿ.

ಹೆಸರು ಶಾರ್ಲಟ್ ಮೋಟಾರ್ ಸ್ಪೀಡ್‌ವೇ ಅಂತಿದ್ದರೂ ಅದು ಇರುವುದು ಪಕ್ಕದ ಕಾಂಕರ್ಡ್‌ನಲ್ಲಿ. ಕರ್ಟಿಸ್ ಟರ್ನರ್ ಎಂಬ ಡ್ರೈವರ್ ಮತ್ತು ಬ್ರೂಟನ್ ಸ್ಮಿತ್ ಎಂಬ ಪ್ರೊಮೋಟರ್ ಸೇರಿ ಕಟ್ಟಿಸಿದ್ದು. ನೆಲ ಅಗೆದರೆ ಗ್ರಾನೈಟ್ ಬಂಡೆ ಸಿಕ್ಕಿ ಖರ್ಚು ಮೇಲೇರಿತು, ಕೆಲಸ ತಡವಾಯಿತು. ಈ ರೇಸಿಗೆ ಆಗ ವರ್ಲ್ಡ್ 600 ಅಂತ ಹೆಸರು, ಮೊದಲನೆಯದು ನಡೆದದ್ದು 1960ರ ಜೂನ್ 19ರಂದು. ಹೊಸ ಡಾಂಬರು ಅವತ್ತೇ ಕಿತ್ತು ಬರುತ್ತಿತ್ತು. ಸಿಡಿಯುವ ಚೂರುಗಳಿಂದ ಕಾಪಾಡಿಕೊಳ್ಳಲು ಕಾರುಗಳ ಮುಂದೆ ಜಾಲರಿ ಕಟ್ಟಿಕೊಂಡು ಓಡಿಸಿದರು. ನಾಲ್ಕು ಲ್ಯಾಪ್, ಅಂದರೆ ನಾಲ್ಕು ಸುತ್ತು, ಮುಂದಿದ್ದ ಜೋ ಲೀ ಜಾನ್ಸನ್ ಗೆದ್ದರು. ಮರುವರ್ಷವೇ ಕಂಪನಿ ದಿವಾಳಿ ಅರ್ಜಿಯವರೆಗೆ ಹೋಯಿತು. ಸಾಲ ತೀರಿಸಲು ಟರ್ನರ್ ಟೀಮ್‌ಸ್ಟರ್ಸ್ ಕಾರ್ಮಿಕ ಸಂಘದ ದುಡ್ಡಿಗೆ ಕೈಚಾಚಿ, ಡ್ರೈವರ್‌ಗಳ ಸಂಘ ಕಟ್ಟಲು ಹೊರಟಾಗ ಈ ರೇಸ್‌ಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆಯ ಮಾಲೀಕ ಬಿಲ್ ಫ್ರಾನ್ಸ್ ಟರ್ನರ್‌ಗೆ ಜೀವಮಾನ ನಿಷೇಧ ಹೇರಿದರು. 1965ರಲ್ಲಿ ಆ ನಿಷೇಧ ತೆರವಾಯಿತು. ಕೈತಪ್ಪಿದ್ದ ಟ್ರ್ಯಾಕಿಗೆ ಸ್ಮಿತ್ 1975ರಲ್ಲಿ ಮರಳಿದರು. 1964ರ 600ರಲ್ಲಿ ಬೆಂಕಿಗೆ ಸಿಕ್ಕ ಡ್ರೈವರ್ ಫೈರ್‌ಬಾಲ್ ರಾಬರ್ಟ್ಸ್ ಅದೇ ವರ್ಷದ ಜುಲೈನಲ್ಲಿ ತೀರಿಕೊಂಡರು. ಬೆಂಕಿ ತಡೆಯುವ ಉಡುಪು, ಸುರಕ್ಷಿತ ಇಂಧನ ಟ್ಯಾಂಕ್‌ಗಳ ಒತ್ತಾಯ ಬಲವಾದದ್ದು ಅಲ್ಲಿಂದ. 1976ರಲ್ಲಿ ಮಹಿಳಾ ಡ್ರೈವರ್ ಜಾನೆಟ್ ಗತ್ರಿ ಇಲ್ಲಿ ಓಡಿಸಿ 15ನೇ ಸ್ಥಾನ ಪಡೆದರು. 1992ರಲ್ಲಿ ದೀಪಗಳು ಬಂದವು. ಇವತ್ತು 600 ಸಂಜೆ ಶುರುವಾಗಿ ರಾತ್ರಿ ಮುಗಿಯುವುದು ಆ ದೀಪಗಳಿಂದಲೇ, ಮಳೆಯ ಲೆಕ್ಕಕ್ಕೂ ಅವು ಬೇಕಾಗುತ್ತವೆ.

ಟ್ರ್ಯಾಕ್ ಒಂದೂವರೆ ಮೈಲಿ, ತಿರುವುಗಳಲ್ಲಿ 24 ಡಿಗ್ರಿ ಓರೆ. 400 ಲ್ಯಾಪ್, 600 ಮೈಲಿ. ನಾಸ್ಕಾರ್ ಕಪ್ ಸರಣಿಯಲ್ಲಿ ಇದಕ್ಕಿಂತ ಉದ್ದದ ರೇಸ್ ಇಲ್ಲ. ತಲಾ 100 ಲ್ಯಾಪಿನ ನಾಲ್ಕು ಸ್ಟೇಜ್ (ಹಂತ), ಗರಿಷ್ಠ 40 ಕಾರು. ಸುಮ್ಮನೆ ಸುತ್ತುವುದನ್ನು ಏನು ನೋಡುವುದು ಎನ್ನುವವರಿಗೆ ಎರಡು ಉದಾಹರಣೆ. 2016ರಲ್ಲಿ ಮಾರ್ಟಿನ್ ಟ್ರೂಯೆಕ್ಸ್ ಜೂನಿಯರ್ 400ರಲ್ಲಿ 392 ಲ್ಯಾಪ್ ಮುಂದಿದ್ದು ಗೆದ್ದರು. ನಿಜ ಹೇಳಬೇಕೆಂದರೆ ಅವತ್ತು ಆಕಳಿಸಿದವರೇ ಹೆಚ್ಚಿರಬೇಕು. 2025ರಲ್ಲಿ ರಾಸ್ ಚಾಸ್ಟೇನ್ ಅಭ್ಯಾಸದಲ್ಲಿ ಕಾರು ಜಜ್ಜಿಕೊಂಡರು, ತಂಡ ರಾತ್ರೋರಾತ್ರಿ ಬದಲಿ ಕಾರು ಸಿದ್ಧಪಡಿಸಿತು, ಅವರು 40ನೆಯವರಾಗಿ ಹೊರಟು ಮೊದಲನೆಯವರಾಗಿ ಬಂದರು. ಯಾವ ಥರದ ರಾತ್ರಿ ನಿಮ್ಮ ಪಾಲಿಗೆ ಬರುತ್ತದೋ ಮೊದಲೇ ಹೇಳಲಾಗದು.

ಈಗ ಮಳೆ. ಈ ಕಾರುಗಳ ಟೈರ್ ಪೂರ್ತಿ ನುಣುಪು, ನೀರು ಹೊರಹಾಕುವ ಗೀರುಗಳಿಲ್ಲ. ಗಂಟೆಗೆ 180 ಮೈಲಿ ಆಸುಪಾಸಿನ ವೇಗದಲ್ಲಿ ಓರೆ ತಿರುವಿನಲ್ಲಿ ನೀರಿನ ಪದರ ಸಿಕ್ಕರೆ ಹಿಡಿತವೇ ಇರುವುದಿಲ್ಲ. ಸಣ್ಣ ಓವಲ್ (ಮೊಟ್ಟೆಯಾಕಾರದ) ಟ್ರ್ಯಾಕ್‌ಗಳಲ್ಲಿ, ಎಡಬಲ ತಿರುಗುವ ರೋಡ್ ಕೋರ್ಸ್‌ಗಳಲ್ಲಿ ಮಳೆ ಟೈರ್ ಬಳಸುತ್ತಾರೆ. ಒಂದೂವರೆ ಮೈಲಿಯ ಓವಲ್‌ನಲ್ಲಿ ಇಲ್ಲ. ಫಾರ್ಮುಲಾ ಒನ್ ನೋಡಿ ಬೆಳೆದವರು ಹನಿ ಬಿದ್ದ ಕೂಡಲೇ 'ಈಗ ಮಜಾ ಶುರು' ಅಂದುಕೊಳ್ಳುತ್ತಾರೆ. ಇಲ್ಲಿ ಹನಿ ಬಿದ್ದರೆ ಹಳದಿ ಬಾವುಟ, ಜೋರಾದರೆ ಕೆಂಪು ಬಾವುಟ, ಕಾರುಗಳು ಪಿಟ್ ರೋಡಿಗೆ (ಟೈರ್, ಇಂಧನಕ್ಕೆ ನಿಲ್ಲುವ ಪಕ್ಕದ ದಾರಿ), ಮೇಲೆ ಹೊದಿಕೆ. ಮಿಂಚು ಎಂಟು ಮೈಲಿ ಒಳಗೆ ಹೊಡೆದರೆ ಕನಿಷ್ಠ 30 ನಿಮಿಷ ತಡೆ. ಮತ್ತೊಂದು ಹೊಡೆದರೆ ಆ 30 ನಿಮಿಷ ಮತ್ತೆ ಮೊದಲಿಂದ.

ಮಳೆ ನಿಂತ ಮೇಲೂ ಕಾಯಬೇಕು. ಗಾಳಿ ಊದುವ ಲಾರಿಗಳು ನೀರನ್ನು ಓರೆಯಿಂದ ಕೆಳಕ್ಕೆ ತಳ್ಳುತ್ತವೆ, ಹೀರುವ ಲಾರಿಗಳು ಅದನ್ನು ಎಳೆದುಕೊಳ್ಳುತ್ತವೆ, ಹಿಂದೆಯೇ ಜೆಟ್ ಎಂಜಿನ್ ಕಟ್ಟಿದ ವಾಹನಗಳು ಉಳಿದ ತೇವವನ್ನು ಸುಡುತ್ತಾ ಸುತ್ತುತ್ತವೆ. ಎರಡು ಗಂಟೆ ಆರಾಮಾಗಿ ಹೋಗುತ್ತದೆ. ಕೂತಲ್ಲಿಂದ ಟ್ರ್ಯಾಕ್ ಒಣಗಿದಂತೆಯೇ ಕಾಣುತ್ತದೆ, ಆದರೂ ಹಸಿರು ಬಾವುಟ ಬರುವುದಿಲ್ಲ. ಡಾಂಬರಿನ ಬಿರುಕು, ಜೋಡಣೆಗಳಿಂದ ಒಳಗಿನ ನೀರು ಜಿನುಗುತ್ತಿರುತ್ತದೆ. ಇವರು ಅದನ್ನು ವೀಪರ್ ಅನ್ನುತ್ತಾರೆ. ಕಪ್ಪು ಮೇಲ್ಮೈ ಮೇಲೆ ಅಲ್ಲಲ್ಲಿ ಗಾಢವಾದ ಗೀರು ಕಂಡರೆ ಅದೇ.

ನಮ್ಮವರ ದುಡ್ಡು ಹೋಗುವುದು ಇಲ್ಲಿ. ಅರ್ಧ ದೂರ, ಅಂದರೆ ಎರಡನೇ ಸ್ಟೇಜ್ ಕೊನೆಯ 200ನೇ ಲ್ಯಾಪ್ ಮುಗಿದಿದ್ದರೆ ಈ ರೇಸ್ ಅಧಿಕೃತ. ಆಮೇಲೆ ಮಳೆ ಬಂದು ನಿಲ್ಲಿಸಿದರೆ ಆ ಕ್ಷಣ ಮುಂದಿದ್ದವರೇ ವಿಜೇತರು. ನೀವು ಪೂರ್ತಿ ರೇಸ್ ನೋಡಿದಂತೆಯೇ ಲೆಕ್ಕ. ಹಣ ವಾಪಸ್ ಇಲ್ಲ, ನಾಳೆಯೂ ಇಲ್ಲ. 2009ರಲ್ಲಿ ಭಾನುವಾರದಿಂದ ಸೋಮವಾರಕ್ಕೆ ಹೋದ ರೇಸ್ 227ನೇ ಲ್ಯಾಪಿಗೆ ಮುಗಿದು ಡೇವಿಡ್ ರೂಟಿಮನ್ ಗೆದ್ದರು. 2024ರಲ್ಲಿ 249ನೇ ಲ್ಯಾಪಿಗೆ ಮಳೆ. ಆಮೇಲೆ ಒಣಗಿಸುವ ಕೆಲಸ ನಡೆಯುತ್ತಿದ್ದರೂ ಗಾಳಿಯಲ್ಲಿನ ತೇವಕ್ಕೆ ಟ್ರ್ಯಾಕ್ ಒಣಗಲಿಲ್ಲ, ಮಧ್ಯರಾತ್ರಿ ಹತ್ತಿರವಾದಾಗ ಕ್ರಿಸ್ಟೋಫರ್ ಬೆಲ್ ಗೆದ್ದರೆಂದು ಘೋಷಿಸಿದರು.

200 ಮುಗಿಯುವ ಮೊದಲು ಕೈಬಿಟ್ಟರೆ ಉಳಿದದ್ದು ಮರುದಿನ. 2023ರಲ್ಲಿ ಭಾನುವಾರದ 600 ಸೋಮವಾರಕ್ಕೆ ಹೋಗಿ ರಯಾನ್ ಬ್ಲೇನಿ ಗೆದ್ದರು. ಶನಿವಾರದ 300 ಮೈಲಿ ರೇಸೂ ಅದೇ ಸೋಮವಾರಕ್ಕೆ ಬಂದು ಬಿತ್ತು. ನಿಮ್ಮ ಟಿಕೆಟ್ ಮರುದಿನಕ್ಕೂ ನಡೆಯುತ್ತದೆ. ಹೋಗಲಾಗದವರಿಗೆ ಈ ಸ್ಪೀಡ್‌ವೇ ಸಮೂಹ ಇತ್ತೀಚಿನ ವರ್ಷಗಳಲ್ಲಿ, ಮುಂದೂಡಿದ ರೇಸಿಗಾದರೆ, ಮುಂದಿನ ಟಿಕೆಟಿಗೆ ಬಳಸುವ ಕ್ರೆಡಿಟ್ ಕೊಡುತ್ತಿದೆ. ನಗದು ಅಲ್ಲ. ಅದಕ್ಕೂ ಗಡುವಿನೊಳಗೆ ಅರ್ಜಿ ತುಂಬಬೇಕು, ಟಿಕೆಟನ್ನು ನೇರ ಸ್ಪೀಡ್‌ವೇಯಿಂದಲೇ ಕೊಂಡಿರಬೇಕು. ಮರುಮಾರಾಟದ ಸೈಟಿನಲ್ಲಿ ಹತ್ತು ಡಾಲರ್ ಉಳಿಸಲು ಹೋದವರು ಆ ಹಕ್ಕು ಕಳೆದುಕೊಂಡು ಕೂರುತ್ತಾರೆ. ಕೊಳ್ಳುವ ದಿನವೇ ಆ ವರ್ಷದ ಷರತ್ತು ಓದಿಡಿ.

ಗಡಿಯಾರದ ಲೆಕ್ಕ ಹೀಗೆ: ಆರು ಗಂಟೆ ಆದ ಸ್ವಲ್ಪ ಹೊತ್ತಿಗೆ ಹಸಿರು ಬಾವುಟ. 100 ಲ್ಯಾಪಿಗೆ ಒಂದು ಗಂಟೆ ಮೇಲೆ. ಸುಮಾರು ಎಂಟೂವರೆಗೆ 200. ಮೋಡ ಏಳು ಗಂಟೆಗೆ ಬರುವಂತಿದ್ದರೆ ಸೋಮವಾರಕ್ಕೆ ತಯಾರಾಗಿ. ಒಂಬತ್ತಕ್ಕಾದರೆ ಅರ್ಧ ರೇಸಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮಳೆ ಕಾಣುತ್ತಿರುವಾಗ 150ರಿಂದ 200ರ ನಡುವಿನ ಲ್ಯಾಪ್‌ಗಳನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಡ್ರೈವರ್‌ಗಳಿಗೂ ಇದೇ ಲೆಕ್ಕ ಗೊತ್ತು, ಕೊನೆಯ ಲ್ಯಾಪಿನಂತೆ ಕಾದಾಡುತ್ತಾರೆ. ಊಟ ತರಲು ಆಗ ಎದ್ದು ಹೋದವರು ಪಾಪ.

ಸೋಮವಾರ ಮೆಮೋರಿಯಲ್ ಡೇ, ಮಡಿದ ಯೋಧರನ್ನು ನೆನೆಯುವ ದಿನ, ಅಮೆರಿಕದ ಆಫೀಸಿಗೆ ರಜೆ. ಬೆಂಗಳೂರಿನ ತಂಡದ ಜೊತೆ ಕೆಲಸ ಮಾಡುವವರಿಗೆ ಅಲ್ಲಿ ಅದು ಮಾಮೂಲಿ ದಿನ. ಕರೆಗಳಿದ್ದರೆ ಮುಂಚೆಯೇ ಹೇಳಿಡಿ. ಹೋಟೆಲ್ ಭಾನುವಾರ ರಾತ್ರಿಗೂ ಸೇರಿಸಿ, ರದ್ದು ಮಾಡಬಹುದಾದ ದರದಲ್ಲೇ ತೆಗೆದುಕೊಳ್ಳಿ. ಊರಿಂದ ಬಂದ ಹಿರಿಯರ ವಾಪಸ್ ವಿಮಾನ ಸೋಮವಾರ ಅಥವಾ ಮಂಗಳವಾರ ಇಟ್ಟುಕೊಂಡು ಭಾನುವಾರದ ರೇಸಿಗೆ ಕರೆತರುವುದು ಬೇಡವೇ ಬೇಡ.

ಯಾವ ಪದ್ಧತಿ ಮೇಲು? 2025ರ ಮೇ 17ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಕೆಕೆಆರ್ ಪಂದ್ಯ ಒಂದು ಎಸೆತವೂ ಇಲ್ಲದೆ ಮಳೆಗೆ ಹೋದಾಗ ಟಿಕೆಟ್ ಹಣ ವಾಪಸ್ ಕೊಡುವುದಾಗಿ ಆರ್‌ಸಿಬಿ ಹೇಳಿತು. ಜೇಬಿನ ಲೆಕ್ಕಕ್ಕೆ ನಮ್ಮದೇ ಉತ್ತಮ. ಆದರೆ ಲೀಗ್ ಪಂದ್ಯ ತೊಳೆದುಹೋದರೆ ಎರಡೂ ಕಡೆಗೆ ಒಂದೊಂದು ಅಂಕ, ಕಥೆ ಮುಗಿಯಿತು. ಇವರು ಮರುದಿನ ಬಂದು ಆಡಿ ತೋರಿಸುತ್ತಾರೆ. ಕ್ರೀಡೆ ನೋಡಲು ಬಂದವನಿಗೆ ಅದೇ ನ್ಯಾಯ. ದೂರದಿಂದ ಬಂದ ಕುಟುಂಬಕ್ಕೆ ಮಾತ್ರ ಅದು ಶಿಕ್ಷೆ.

ಸೀಟು ಎಷ್ಟು ಮೇಲೆ ಸಿಕ್ಕರೆ ಅಷ್ಟು ಒಳ್ಳೆಯದು. ಕೆಳಗಿನ ಸಾಲುಗಳಲ್ಲಿ ಬೇಲಿ ಅಡ್ಡ, ಎದುರು ಭಾಗ ಕಾಣದು, ಮುಖದ ಮೇಲೆ ರಬ್ಬರ್ ಪುಡಿ. ಟ್ರ್ಯಾಕಿನ ಮುಖ್ಯ ನೇರ ಭಾಗದ ಕಡೆಯ ಮೇಲಿನ ಸಾಲಿನಿಂದ ಪಿಟ್ ರೋಡ್ ಸಹ ಕಾಣುತ್ತದೆ. ಇದೇ ಆವರಣದಲ್ಲಿ ಝೀಮ್ಯಾಕ್ಸ್ ಡ್ರ್ಯಾಗ್‌ವೇ (ನೇರ ಓಟದ ಟ್ರ್ಯಾಕ್), ಮಣ್ಣಿನ ಟ್ರ್ಯಾಕ್ ಎರಡೂ ಇವೆ. ಟಿಕೆಟಿನಲ್ಲಿ ಜಾಗದ ಹೆಸರು ಓದಿಯೇ ದುಡ್ಡು ಕಟ್ಟಿ.

ಕಿವಿಯ ವಿಷಯದಲ್ಲಿ ತಮಾಷೆ ಬೇಡ. ಸೈಲೆನ್ಸರ್ ಇಲ್ಲದ 670 ಅಶ್ವಶಕ್ತಿಯ 40 ಎಂಜಿನ್‌ಗಳ ಸದ್ದು 100 ಡೆಸಿಬಲ್ ದಾಟುತ್ತದೆ, ಅದೂ ನಾಲ್ಕೈದು ಗಂಟೆ. 2022ರಲ್ಲಿ ಹೆಚ್ಚುವರಿ ಲ್ಯಾಪ್ ಸೇರಿ ಐದು ಗಂಟೆ ಮೀರಿ ನಡೆಯಿತು. ದೊಡ್ಡವರಿಗೆ ಸ್ಪಂಜಿನ ಪ್ಲಗ್. ಚಿಕ್ಕ ಮಕ್ಕಳ ಕಿವಿಯಲ್ಲಿ ಅದು ನಿಲ್ಲುವುದಿಲ್ಲ, ಅವರಿಗೆ ಬಿಗಿಯಾದ ಇಯರ್‌ಮಫ್. ಬಾಗಿಲ ಹೊರಗೆ ಹುಡುಕುವುದಕ್ಕಿಂತ ಮನೆಯಲ್ಲೇ ಹಾಕಿಸಿ ಅಭ್ಯಾಸ ಮಾಡಿಸಿ. ಮೊದಲ ಸದ್ದಿಗೇ ಮಗು ಕಿತ್ತೆಸೆದರೆ ಸಂಜೆ ಅಲ್ಲಿಗೆ ಮುಗಿದಂತೆ. ಒಬ್ಬ ಡ್ರೈವರ್‌ನನ್ನು ಆರಿಸಿಕೊಂಡು ತಂಡದ ರೇಡಿಯೊ ಮಾತು ಕೇಳಿಸುವ ಸ್ಕ್ಯಾನರ್ ಬಾಡಿಗೆಗೆ ತೆಗೆದುಕೊಂಡರೆ, ಛಾವಣಿ ಮೇಲೆ ನಿಂತ ಸ್ಪಾಟರ್ ಅವನಿಗೆ ಹೇಳುವುದೆಲ್ಲ ಕೇಳಿಸುತ್ತದೆ. ಹೊಸಬರಿಗೆ ರೇಸ್ ಅರ್ಥವಾಗಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಊಟ ಒಯ್ಯಬಹುದು. ಸಸ್ಯಾಹಾರಿಗಳಿಗೆ ಒಳಗೆ ಸಿಗುವುದು ಕಡಿಮೆ. ಚಿತ್ರಾನ್ನ, ಚಪಾತಿ ಪಲ್ಯ ಮೆತ್ತನೆಯ ಕೂಲರ್ ಚೀಲದಲ್ಲಿ ತನ್ನಿ. ಗಟ್ಟಿ ಡಬ್ಬದ ಕೂಲರ್, ಗಾಜಿನ ಬಾಟಲಿ ಬಾಗಿಲಲ್ಲೇ ತಡೆಯುತ್ತಾರೆ. ಚೀಲದ ಅಳತೆಗೂ ಮಿತಿ ಇದೆ, ಆ ವರ್ಷದ್ದು ನೋಡಿ ಟೇಪ್ ಹಿಡಿದು ಅಳೆಯಿರಿ. ಮಳೆಗೆ ಕೊಡೆ ಬೇಡ, ಹಿಂದಿನವರಿಗೆ ಅಡ್ಡ, ಪೋಂಚೋ ಸಾಕು.

ಮೆಮೋರಿಯಲ್ ಡೇ ನೆನಪಿಗೆ ಪ್ರತಿ ಕಾರಿನ ಮುಂಗಾಜಿನ ಮೇಲೆ ಮಡಿದ ಒಬ್ಬ ಯೋಧನ ಹೆಸರು ಇರುತ್ತದೆ. 200 ಲ್ಯಾಪ್ ಆದ ಮೇಲೆ ಕಾರುಗಳು ಪಿಟ್ ರೋಡಿನಲ್ಲಿ ನಿಂತು ಎಂಜಿನ್ ಆರಿಸುತ್ತವೆ. ಆಗ ಎದ್ದು ನಿಂತು ಟೋಪಿ ತೆಗೆಯಿರಿ, ಫೋನಿನಲ್ಲಿ ಮಾತು ಬೇಡ.

ಮುಗಿದ ಕೂಡಲೇ ಕಾರಿಗೆ ಓಡಬೇಡಿ. ಕಾಂಕರ್ಡ್ ಪಾರ್ಕ್‌ವೇ, ಬ್ರೂಟನ್ ಸ್ಮಿತ್ ಬುಲೆವಾರ್ಡ್ ಎರಡೂ ಕಟ್ಟಿಕೊಂಡಿರುತ್ತವೆ. ಒಂದು ಗಂಟೆ ಅಲ್ಲೇ ಕೂತು ಉಳಿದ ಊಟ ಮುಗಿಸಿ ಹೊರಟವರು ಮೊದಲು ಓಡಿದವರಿಗಿಂತ ಹೆಚ್ಚೇನೂ ತಡವಾಗಿ ಮನೆ ಸೇರುವುದಿಲ್ಲ. ಬರುವಾಗಲೇ ಪಾರ್ಕಿಂಗ್ ಲಾಟಿನ ಫಲಕದ ಫೋಟೊ ತೆಗೆದಿಡಿ. ಕತ್ತಲಲ್ಲಿ ಹುಲ್ಲುಗಾವಲೆಲ್ಲ ಒಂದೇ ಥರ ಕಾಣುತ್ತದೆ.